ಪೈಪ್ ಬೇಡ ಅನ್ನುವುದು ಪಾಪವಾ?

ಹೊನ್ನಾವರದ ನಮ್ಮ ನೆರೆಮನೆ ಬಾಯಮ್ಮನಿಗೆ ಎಂಬತ್ತನಾಲ್ಕು ವರ್ಷ. ಕ್ಯಾನ್ಸರ್ ಮೈಯೆಲ್ಲ ಹರಡಿತ್ತು. ಆಂಬ್ಯುಲೆನ್ಸಿನಲ್ಲಿ ದೂರದ ದೊಡ್ಡಾಸ್ಪತ್ರೆಗೆ ಒಯ್ದಿದ್ದರು. ಐಸಿಯು ಬಾಗಿಲಲ್ಲಿ ಮಗನ ಕೈಗೊಂದು ಕಾಗದ ಬಂತು: ಗಂಟಲಿಗೆ ಪೈಪ್ ಹಾಕಿ ಉಸಿರಾಡಿಸುವ ವೆಂಟಿಲೇಟರ್‌ಗೆ ಒಪ್ಪಿಗೆ. ಅವನು ನನಗೆ ಫೋನ್ ಮಾಡಿದ. "ಬೇಡ ಅಂದ್ರೆ ಪಾಪ ಆಗ್ತದಾ?"

ಬಾಯಮ್ಮನ ಮನೆಯವರು ಕ್ಯಾಥೊಲಿಕ್ಕರು, ಅವರ ಚರ್ಚಿಗೆ ಈ ಪ್ರಶ್ನೆ ಹಳೆಯದು. ಅರಿವಳಿಕೆ ಇಲ್ಲದ 16ನೇ ಶತಮಾನದಲ್ಲಿ, ಜೀವ ಉಳಿಸಿಕೊಳ್ಳಲು ಕಾಲು ಕತ್ತರಿಸುವ ನೋವನ್ನೂ ರೋಗಿ ಸಹಿಸಲೇಬೇಕಾ ಅಂತ ಸ್ಪೇನಿನ ಧರ್ಮಪಂಡಿತರು ಚರ್ಚಿಸಿದ್ದರು. ಬೇಕಿಲ್ಲ ಅಂದರು. 1957ರಲ್ಲಿ ವೈದ್ಯರು ಉಸಿರಾಟದ ಯಂತ್ರದ ಬಗ್ಗೆ ಕೇಳಿದಾಗ ಪೋಪ್ ಹನ್ನೆರಡನೇ ಪಿಯುಸ್ ಅದೇ ದಾರಿ ಹಿಡಿದರು. ಸಾಮಾನ್ಯ ಚಿಕಿತ್ಸೆ ಕರ್ತವ್ಯ, ಅತಿ ಹೊರೆಯಾಗುವುದು ಕಡ್ಡಾಯವಲ್ಲ. ಯಾವುದು ಸಾಮಾನ್ಯ ಅನ್ನುವುದು ವ್ಯಕ್ತಿ, ಸ್ಥಳ, ಕಾಲ ನೋಡಿ ತೀರ್ಮಾನವಾಗಬೇಕು ಅಂತಲೂ ಹೇಳಿದರು. ಒಳ್ಳೆ ಆಸ್ಪತ್ರೆ ಕೊಡಿ ಅಂತ ಕೂಗಿ ಸುಸ್ತಾದ, ಮಣಿಪಾಲಕ್ಕೋ ಗೋವಾಕ್ಕೋ ಓಡುವ ನಮ್ಮ ಜಿಲ್ಲೆಯವರಿಗೆ ಆ 'ಸ್ಥಳ' ಅನ್ನುವ ಮಾತು ಬೇಗ ಅರ್ಥವಾಗ್ತದೆ, ಅಲ್ವಾ? ನೋವು ತಡೆಯಲು ಬೇರೆ ದಾರಿ ಇಲ್ಲದಿದ್ದರೆ, ಆಯುಷ್ಯ ಸ್ವಲ್ಪ ಕಡಿಮೆಯಾದರೂ ಔಷಧಿ ಕೊಡಬಹುದು ಅಂತಲೂ ಪೋಪ್ ಅದೇ ವರ್ಷ ಹೇಳಿದ್ದರು. ನೋವು ತಡೆಯುವ ಮಾರ್ಫಿನ್ ಅಂದರೆ ಸುಮ್ನೆ ಹೆದರುವವರು ಇನ್ನೂ ಇದ್ದಾರೆ.

ಆದರೆ ಸಾಯಿಸಲೆಂದೇ ಸೂಜಿ ಚುಚ್ಚುವುದು, ರೋಗಿ ತಾನೇ ನುಂಗಿ ಸಾಯಲೆಂದು ಡಾಕ್ಟರು ಔಷಧಿ ಬರೆದುಕೊಡುವುದು, ಇವೆರಡಕ್ಕೂ ಚರ್ಚು ಒಪ್ಪುವುದಿಲ್ಲ. ವ್ಯಾಟಿಕನ್ 1980ರಲ್ಲಿ ಹೇಳಿದ್ದನ್ನೇ 2020ರಲ್ಲೂ ಹೇಳಿತು. ನಡುವೆ ಅಮೆರಿಕದ ಒರೆಗಾನ್‌ನಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ ಕಾನೂನು ಇದಕ್ಕೆ ಅವಕಾಶ ಕೊಟ್ಟರೂ ಚರ್ಚಿನ ಮಾತು ಬದಲಾಗಲಿಲ್ಲ. 2005ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕೊನೆಗೆ ಆಸ್ಪತ್ರೆಗೆ ಹೋಗದೆ ತಮ್ಮ ಕೋಣೆಯಲ್ಲೇ ತೀರಿಕೊಂಡರು. ಸಾಯಿಸುವುದಕ್ಕೂ, ಹೀಗೆ ಸಾವನ್ನು ಅದರ ಪಾಡಿಗೆ ಬರಲು ಬಿಡುವುದಕ್ಕೂ ವ್ಯತ್ಯಾಸ ಇದೆ.

ಊಟದ ವಿಷಯ ಜಾಸ್ತಿ ಬಿಗಿ. ಪೈಪಿನಲ್ಲಿ ಕೊಡುವ ಅನ್ನನೀರೂ ಸಾಮಾನ್ಯ ಆರೈಕೆಯೇ ಅಂತ ಇದೇ ಪೋಪ್ 2004ರಲ್ಲಿ ಹೇಳಿದ್ದರು. ನಮ್ಮ ಹಳದೀಪುರದ ಅರುಣಾ ಶಾನಭಾಗ ನೆನಪಾಗುವುದು ಇಲ್ಲೇ. ಮುಂಬೈಯಲ್ಲಿ ನರ್ಸ್ ಆಗಿದ್ದ ಅವರು 1973ರಲ್ಲಿ ತಮ್ಮ ಮೇಲೆ ನಡೆದ ದಾಳಿಯ ನಂತರ ಏಳಲೇ ಇಲ್ಲ. ಅವರಿಗೆ ಊಟ ಕೊಡುವುದನ್ನು ನಿಲ್ಲಿಸಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟು 2011ರಲ್ಲಿ ಒಪ್ಪಲಿಲ್ಲ. ಅರುಣಾ ಕ್ಯಾಥೊಲಿಕ್ ಅಲ್ಲ, ಆದರೂ ಚರ್ಚು ಇಲ್ಲಿ ಕೋರ್ಟಿನ ಜೊತೆಗೇ ನಿಲ್ಲುತ್ತಿತ್ತು. ನೋಡಿಕೊಳ್ಳುತ್ತಿದ್ದ ನರ್ಸುಗಳಿಗೂ ನಿಲ್ಲಿಸುವುದು ಬೇಡವಾಗಿತ್ತು. 2015ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು.

ಆದರೆ ಅದೇ ತೀರ್ಪು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಬಾಗಿಲು ತೆರೆಯಿತು. 2018ರಲ್ಲಿ, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೆ ಮಾನ್ಯತೆ ಸಿಕ್ಕಿತು. 2023ರಿಂದ ಅದಕ್ಕೆ ಇಬ್ಬರು ಸಾಕ್ಷಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿ ಸಾಕು, ಮ್ಯಾಜಿಸ್ಟ್ರೇಟರ ಹತ್ತಿರ ಓಡಬೇಕಿಲ್ಲ. ಡಾಕ್ಟರ ನೆರವಿನ ಆತ್ಮಹತ್ಯೆ ಮಾತ್ರ ಇಲ್ಲಿ ಇಂದಿಗೂ ಅಪರಾಧ.

ಬಾಯಮ್ಮ ಏನೂ ಬರೆದಿಟ್ಟಿರಲಿಲ್ಲ. ಮಗ ಆ ಕಾಗದಕ್ಕೆ ಸಹಿ ಹಾಕದೆ ಮನೆಗೆ ಕರೆತಂದ. ಫಾದರ್ ಬಂದು ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿದರು. ಮೂರನೇ ದಿನ ಚಮಚದಲ್ಲಿ ಎರಡು ಗುಟುಕು ಗಂಜಿತಿಳಿ ಕುಡಿದು, ಮೂರನೆಯದಕ್ಕೆ ತುಟಿ ಬಿಗಿಹಿಡಿದರು. ಸೊಸೆ ಚಮಚ ಕೆಳಗಿಟ್ಟಳು.