ಶಾಯಿ ಕಲೆಗಳು ಕೋರ್ಟಿಗೆ ಬಂದ ದಾರಿ

ಒಟ್ಟು 60 ಗಂಡಸರು ಮನಶ್ಶಾಸ್ತ್ರದ ಪರೀಕ್ಷೆಗೆ ಕೂತರು. ಶಾಯಿ ಚೆಲ್ಲಿದಂಥ ಕಲೆ ತೋರಿಸಿ, ಇದರಲ್ಲಿ ಏನು ಕಾಣುತ್ತೆ ಅಂತ ಕೇಳ್ತಾರಲ್ಲ, ಆ ಪರೀಕ್ಷೆಯೂ ಅದರಲ್ಲಿತ್ತು. ಅವರಲ್ಲಿ 30 ಮಂದಿ ಸಲಿಂಗಿಗಳು, 30 ಮಂದಿ ಅಲ್ಲ. ವಯಸ್ಸು, ಓದು, ಬುದ್ಧಿಮಟ್ಟ ಹೊಂದುವಂತೆ ಜೋಡಿ ಮಾಡಲಾಗಿತ್ತು. ಉತ್ತರಗಳನ್ನು ಹೆಸರಿಲ್ಲದೆ ಮೂವರು ತಜ್ಞರ ಮುಂದೆ ಇಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಎವೆಲಿನ್ ಹೂಕರ್.

ತಜ್ಞರಿಗೆ ಯಾರು ಯಾರು ಅಂತ ಗೊತ್ತಾಗಲಿಲ್ಲ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ಎರಡೂ ಗುಂಪಿನಲ್ಲಿ ಮೂರರಲ್ಲಿ ಎರಡು ಪಾಲು ಜನರ ಮನಸ್ಸಿನ ಸ್ವಾಸ್ಥ್ಯ ಸಾಧಾರಣ ಅಥವಾ ಅದಕ್ಕಿಂತ ಚೆನ್ನಾಗಿದೆ ಎಂದೇ ಅವರು ಬರೆದುಕೊಟ್ಟರು. 1957ರಲ್ಲಿ ಇದು ಅಚ್ಚಾಯಿತು.

ಇದರಲ್ಲೇನು ದೊಡ್ಡದು ಅನ್ನಿಸಬಹುದು. ಆದರೆ ಅಮೆರಿಕದ ಮನೋವೈದ್ಯರ ಸಂಘ 1952ರ ತನ್ನ ಕೈಪಿಡಿಯಲ್ಲಿ ಸಲಿಂಗಕಾಮವನ್ನು ಮಾನಸಿಕ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ಅಲ್ಲಿಯವರೆಗಿನ ಅಧ್ಯಯನಗಳಲ್ಲಿ ಹೆಚ್ಚಿನವು ನಡೆದದ್ದು ಚಿಕಿತ್ಸೆಗೆ ಬಂದವರ ಮೇಲೆ, ಇಲ್ಲವೇ ಜೈಲಿನಲ್ಲಿದ್ದವರ ಮೇಲೆ. ಆಸ್ಪತ್ರೆ ವಾರ್ಡಿನಲ್ಲಿ ಕೂತು ಊರಿಗೆ ಊರೇ ಕಾಯಿಲೆ ಬಿದ್ದಿದೆ ಅಂದಹಾಗೆ, ಅಲ್ವಾ? ಹೂಕರ್ ಹುಡುಕಿದ್ದು ಚಿಕಿತ್ಸೆಗೆ ಹೋಗದ, ಸುಮ್ನೆ ತಮ್ಮ ಪಾಡಿಗೆ ಬದುಕುತ್ತಿದ್ದ ಜನರನ್ನು.

ಈ ಕೆಲಸಕ್ಕೆ ಅವರನ್ನು ಎಳೆದು ತಂದದ್ದು ಅವರ ಹಳೆಯ ವಿದ್ಯಾರ್ಥಿಯೊಬ್ಬ. ತಾನು ಸಲಿಂಗಿ, ತನ್ನಂಥವರ ಬಗ್ಗೆ ಅಧ್ಯಯನ ಮಾಡುವುದು ನಿಮ್ಮ ಕರ್ತವ್ಯ ಎಂದು ಆತ 1940ರ ದಶಕದಲ್ಲೇ ಬೆನ್ನುಬಿದ್ದಿದ್ದ. ಕ್ಯಾಲಿಫೋರ್ನಿಯಾದಲ್ಲಿ ಆಗ ಸಲಿಂಗಕಾಮ ಅಪರಾಧ. ಗುಟ್ಟು ಹೊರಬಿದ್ದರೆ ನೌಕರಿಯೂ ಹೋಗುತ್ತಿತ್ತು. ಹಾಗಾಗಿ ಹೂಕರ್ ಯೂನಿವರ್ಸಿಟಿ ಕೋಣೆ ಬಿಟ್ಟು, ಲಾಸ್ ಏಂಜಲೀಸ್‌ನ ತಮ್ಮ ಮನೆಯ ತೋಟದಲ್ಲಿದ್ದ ಪುಟ್ಟ ಕೋಣೆಯಲ್ಲಿ ಅವರನ್ನು ಮಾತಾಡಿಸಿದರು. ತಮಾಷೆ ನೋಡಿ, ಸಲಿಂಗಿಗಳಲ್ಲದ 30 ಮಂದಿಯನ್ನು ಒಪ್ಪಿಸುವುದೇ ಜಾಸ್ತಿ ಕಷ್ಟವಾಯಿತು.

ಲೇಖನ ಬಂತು ಅಂತ ಪಟ್ಟಿ ಬದಲಾಗಲಿಲ್ಲ. ಇನ್ನೂ 16 ವರ್ಷ ಹಿಡಿಯಿತು. ಕಪಾಟಿನಲ್ಲಿದ್ದ ಪುರಾವೆಯನ್ನು ಬೀದಿಗೆ ತಂದವರು ಹೋರಾಟಗಾರರು. ಮನೋವೈದ್ಯರ ಸಭೆಗಳಿಗೇ ನುಗ್ಗಿ ಪ್ರಶ್ನೆ ಕೇಳಿದರು. 1972ರ ಸಭೆಯಲ್ಲಿ ಜಾನ್ ಫ್ರೈಯರ್ ಎಂಬ ಮನೋವೈದ್ಯರು ಮುಖವಾಡ ಹಾಕಿಕೊಂಡು, ತಾನೂ ಸಲಿಂಗಿ ಎಂದರು. 1973ರ ಡಿಸೆಂಬರ್‌ನಲ್ಲಿ ಸಂಘ ಸಲಿಂಗಕಾಮವನ್ನು ಪಟ್ಟಿಯಿಂದ ತೆಗೆಯಿತು. ಒಪ್ಪದವರು ಮರುವರ್ಷ ಸದಸ್ಯರ ಮತಕ್ಕೇ ಹಾಕಿಸಿದರು. ತೆಗೆದದ್ದು ಸರಿ ಎಂದವರು 5,854, ತಪ್ಪು ಎಂದವರು 3,810. ಕಾಯಿಲೆ ಹೌದೋ ಅಲ್ಲವೋ ಅಂತ ಓಟು ಹಾಕುವುದು ವಿಚಿತ್ರವೇ, ಆದರೆ ನಡೆದದ್ದು ಹಾಗೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅದೇ ದಾರಿ ಹಿಡಿಯಿತು.

ನಮ್ಮಲ್ಲಿ ಅಡ್ಡ ನಿಂತಿದ್ದು ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ, 1860ರ ದಂಡಸಂಹಿತೆಯ 377ನೇ ಸೆಕ್ಷನ್. 2009ರಲ್ಲಿ ದೆಹಲಿ ಹೈಕೋರ್ಟ್, ವಯಸ್ಕರು ಒಪ್ಪಿ ಖಾಸಗಿಯಾಗಿ ನಡೆಸುವ ಸಂಬಂಧ ಅಪರಾಧವಲ್ಲ ಎಂದಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. 150 ವರ್ಷಗಳಲ್ಲಿ 200ಕ್ಕಿಂತ ಕಡಿಮೆ ಜನರ ಮೇಲೆ ಮೊಕದ್ದಮೆ ನಡೆದಿದೆ ಎಂಬುದು ಅದು ಕೊಟ್ಟ ಒಂದು ಕಾರಣ. ಆದರೆ ಕೇಸಿನ ಹೆದರಿಕೆ ತೋರಿಸಿ ಹಣ ಕಿತ್ತರೆ, ಹೊಡೆದು ಬಿಟ್ಟರೆ ಅದು ಯಾವ ಕೋರ್ಟಿನ ಲೆಕ್ಕಕ್ಕೂ ಸಿಗುವುದಿಲ್ಲ. ಅಂಥ ಸಂಗತಿಗಳನ್ನು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001 ಮತ್ತು 2003ರ ವರದಿಗಳಲ್ಲೇ ದಾಖಲಿಸಿತ್ತು. ಎರಡನೆಯದಂತೂ ಬೆಂಗಳೂರಿನ ಹಿಜ್ರಾಗಳು ಮತ್ತು ‘ಕೋತಿ’ಗಳ (ಹೆಣ್ಣಿನ ನಡೆನುಡಿಯ ಗಂಡಸರು ತಮ್ಮನ್ನು ಕರೆದುಕೊಳ್ಳುವ ಹೆಸರಿದು) ಮಾತುಗಳನ್ನೇ ಆಧರಿಸಿದ್ದು. ನನ್ನ ಲೆಕ್ಕದಲ್ಲಿ ಹೂಕರ್ ಕೆಲಸದಷ್ಟೇ ತೂಕ ಇದಕ್ಕೂ ಇದೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ತನ್ನ ತೀರ್ಪನ್ನು ತಾನೇ ಬದಲಿಸಿತು. ನ್ಯಾಯಮೂರ್ತಿ ನಾರಿಮನ್ ಆಧಾರ ಮಾಡಿಕೊಂಡದ್ದರಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಒಂದು. ಮಾನಸಿಕ ಕಾಯಿಲೆ ಯಾವುದು ಎಂದು ತೀರ್ಮಾನಿಸಲು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಂಥ ಮಾನದಂಡ ನೋಡಬೇಕು ಎನ್ನುತ್ತದೆ ಆ ಕಾಯ್ದೆ. ತೋಟದ ಕೋಣೆಯಲ್ಲಿ ಕೇಳಿದ ಪ್ರಶ್ನೆ ಸುತ್ತಿ ಬಳಸಿ ದೆಹಲಿ ಮುಟ್ಟಿದ್ದು ಹೀಗೆ.

ಹೂಕರ್ ಅವರ ಆ 60 ಮಂದಿಯಲ್ಲಿ ಹೆಂಗಸರು ಒಬ್ಬರೂ ಇರಲಿಲ್ಲ. ಟ್ರಾನ್ಸ್‌ಜೆಂಡರ್ ಜನರ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾನಸಿಕ ಕಾಯಿಲೆಯ ಹಣೆಪಟ್ಟಿ ತೆಗೆಯಲು ಒಪ್ಪಿದ್ದು 2019ರಲ್ಲಿ.