ಗೃಹಸಾಲದ ಬಡ್ಡಿ: 2 ಲಕ್ಷದಲ್ಲೇ ನಿಂತ ತೆರಿಗೆ ವಿನಾಯಿತಿ

ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಲು 50 ಲಕ್ಷ ರೂಪಾಯಿ ಸಾಲ ಮಾಡಿದವರ ಲೆಕ್ಕ ನೋಡಿ. ಬಡ್ಡಿ ಶೇ 8.5, ಅವಧಿ 20 ವರ್ಷ, ಇಎಂಐ ಸುಮಾರು 43,400. ಮೊದಲ ವರ್ಷ ಕಟ್ಟುವ 5.2 ಲಕ್ಷದಲ್ಲಿ ಬಡ್ಡಿಯೇ 4.2 ಲಕ್ಷ. ತಾವೇ ವಾಸವಿರುವ ಮನೆಯಾದರೆ ಆದಾಯದಿಂದ ಕಳೆಯಲು ಸಿಗುವುದು ಹೆಚ್ಚೆಂದರೆ 2 ಲಕ್ಷ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ.

1961ರ ಆದಾಯ ತೆರಿಗೆ ಕಾಯ್ದೆಯ 24ನೇ ಸೆಕ್ಷನ್ ಮಾಲೀಕರನ್ನು ಎರಡು ಬಗೆಯಾಗಿ ಕಂಡಿತು. ಮನೆ ಬಾಡಿಗೆಗೆ ಕೊಟ್ಟರೆ ಬಾಡಿಗೆ ಆದಾಯ, ಬಡ್ಡಿ ಅದರ ಖರ್ಚು. ಹಾಗಾಗಿ ಪೂರ್ತಿ ಕಳೆಯಬಹುದು. ವಾಸದ ಮನೆಯಿಂದ ಆದಾಯವೇ ಇಲ್ಲ, ಆದ್ದರಿಂದ ಅಲ್ಲಿ ಸಿಗುವುದು ಸರ್ಕಾರ ಕೊಟ್ಟಷ್ಟು ರಿಯಾಯಿತಿ. ಆ ರಿಯಾಯಿತಿ ಕೆಲವು ವರ್ಷ ಭರದಿಂದ ಬೆಳೆಯಿತು. ಆಗಿನ ಹಣಕಾಸು ಸಚಿವ ಯಶವಂತ ಸಿನ್ಹಾ ಅವರ ಬಜೆಟ್‌ಗಳಲ್ಲಿ ಮಿತಿ 1999ರಲ್ಲಿ 30,000ದಿಂದ 75,000ಕ್ಕೆ, ಮರುವರ್ಷ 1 ಲಕ್ಷಕ್ಕೆ, 2001ರಲ್ಲಿ ಒಂದೂವರೆ ಲಕ್ಷಕ್ಕೆ ಏರಿತು. ಸಂಬಳದಾರರು ಧೈರ್ಯವಾಗಿ ಸಾಲಕ್ಕೆ ಕೈಹಾಕಿದರು. ಆಮೇಲೆ 13 ವರ್ಷ ಮೌನ. 2014ರಲ್ಲಿ ಅರುಣ್ ಜೇಟ್ಲಿ 2 ಲಕ್ಷ ಮಾಡಿದರು. ಆ ಮಿತಿ ಇಂದಿಗೂ ಕದಲಿಲ್ಲ.

ಬಾಡಿಗೆಗೆ ಕೊಟ್ಟವರಿಗೆ 2017ರವರೆಗೆ ಮಿತಿಯೇ ಇರಲಿಲ್ಲ. ಮೇಲಿನ ಫ್ಲ್ಯಾಟನ್ನೇ ತಿಂಗಳಿಗೆ 20,000ಕ್ಕೆ ಕೊಟ್ಟರೆ ವರ್ಷದ ಬಾಡಿಗೆ 2.4 ಲಕ್ಷ. ಮನೆ ಕಂದಾಯವನ್ನು ಬದಿಗಿಟ್ಟು, ದುರಸ್ತಿ ಮುಂತಾದ ಖರ್ಚಿಗೆಂದು ಕಾಯ್ದೆ ಬಿಡುವ ಶೇ 30 ಕಳೆದರೆ 1.68 ಲಕ್ಷ; ಬಡ್ಡಿಯನ್ನೂ ಕಳೆದರೆ 2.52 ಲಕ್ಷ ನಷ್ಟ. ಈ ನಷ್ಟವನ್ನು ಇಡಿಯಾಗಿ ಸಂಬಳದಿಂದ ಕಳೆಯಬಹುದಿತ್ತು. ದೊಡ್ಡ ಸಂಬಳದವರು ಎರಡನೇ, ಮೂರನೇ ಮನೆ ಕೊಂಡಾಗ ಅದರ ಬಡ್ಡಿಯ ಒಂದು ಪಾಲನ್ನು ಸರ್ಕಾರದ ಬೊಕ್ಕಸವೇ ಹೊರುತ್ತಿತ್ತು. 2017ರ ಬಜೆಟ್ ಇದಕ್ಕೆ ವರ್ಷಕ್ಕೆ 2 ಲಕ್ಷದ ಮಿತಿ ಹಾಕಿ, ಉಳಿದ ನಷ್ಟವನ್ನು ಮುಂದಿನ 8 ವರ್ಷಗಳ ಮನೆ ಆದಾಯದಲ್ಲಿ ಮಾತ್ರ ಹೊಂದಿಸಿಕೊಳ್ಳಿ ಎಂದಿತು. ಅದು ನ್ಯಾಯವಾದ ತೀರ್ಮಾನ.

ನ್ಯಾಯವೆನಿಸದೇ ಇರುವುದು ಆನಂತರದ್ದು. 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲಿ ವಾಸದ ಮನೆಯ ಬಡ್ಡಿಗೆ ಬಿಡಿಗಾಸಿನ ವಿನಾಯಿತಿಯೂ ಇಲ್ಲ. ಬಾಡಿಗೆ ಮನೆಯ ಬಡ್ಡಿಯನ್ನು ಬಾಡಿಗೆಯಿಂದ ಕಳೆಯಬಹುದು, ನಷ್ಟವನ್ನು ಸಂಬಳಕ್ಕೆ ದಾಟಿಸುವಂತಿಲ್ಲ. 2023–24ರಿಂದ ನಾವಾಗಿ ಹಳೆಯದನ್ನು ಆರಿಸದಿದ್ದರೆ ಹೊಸ ಪದ್ಧತಿಯೇ ಅನ್ವಯ. ದರ ಕಡಿಮೆಯಿರುವುದರಿಂದ ಅನೇಕರಿಗೆ ಲಾಭವಿದೆ, ನಿಜ. ಆದರೆ ವಿನಾಯಿತಿ ನಂಬಿ 20 ವರ್ಷದ ಸಾಲಕ್ಕೆ ಸಹಿ ಹಾಕಿದ ಒಂದೇ ಮನೆಯ ಕುಟುಂಬಕ್ಕೆ ನಿಯಮ ನಡುದಾರಿಯಲ್ಲಿ ಬದಲಾಗಿದೆ. ಸಂಬಳದಾರರಾದರೆ ಪ್ರತಿವರ್ಷ ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ, ಕಡಿಮೆ ತೆರಿಗೆ ಬೀಳುವುದನ್ನು ಆರಿಸಿಕೊಳ್ಳಬಹುದು. ವ್ಯಾಪಾರದ ಆದಾಯವಿರುವವರಿಗೆ ಆ ಸ್ವಾತಂತ್ರ್ಯವೂ ಇಲ್ಲ.