21ನೇ ದಿನ ಏನೂ ಆಗುವುದಿಲ್ಲ

ನೇರಳೆ ಹಣ್ಣು ಉದುರುವ ಕಾಲಕ್ಕೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಶಿವಮೊಗ್ಗದ ಆಸುಪಾಸಿನಲ್ಲಿ ಹಣ್ಣು ಸಂಸ್ಕರಣೆ ಹೇಳಿಕೊಡುತ್ತಲೇ ತಲೆ ನರೆಯಿತು. ಜಾಮ್, ಸ್ಕ್ವಾಷ್, ಮುರುಗಲು ಶರಬತ್ತಿನ ಬಗ್ಗೆ ಕೇಳುವವರಿಗಿಂತ ಮನೆ ವೈನಿನ ಬಗ್ಗೆ ಕೇಳುವವರೇ ಜಾಸ್ತಿ, ಅವರೆಲ್ಲರ ಪ್ರಶ್ನೆಯೂ ಒಂದೇ: "ಮೇಷ್ಟ್ರೇ, ಇವತ್ತಿಗೆ 21 ದಿನ ಆಯಿತು. ಬಾಟಲಿಗೆ ತುಂಬಬಹುದಲ್ಲ?"

ಈ 21 ಎಲ್ಲಿಂದ ಬಂತೋ ನಾ ಕಾಣೆ. 21 ದಿನಕ್ಕೆ ಮರಿಯಾಗುವುದು ಕೋಳಿಮೊಟ್ಟೆ. ಭರಣಿಯಲ್ಲಿರುವ ಯೀಸ್ಟ್ ಕ್ಯಾಲೆಂಡರ್ ನೋಡುವುದಿಲ್ಲ. ಅದಕ್ಕೆ ಬೇಕಾದ್ದು ಸಕ್ಕರೆ ಮತ್ತು ಒಂದಿಷ್ಟು ಬೆಚ್ಚಗಿನ ಜಾಗ.

ಮುಂದುವರಿಯುವ ಮೊದಲು ಒಂದು ಮಾತು. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ತಪ್ಪು. ಮನೆಮಟ್ಟಿಗೆ ಮಾಡುವುದಾದರೆ ಹೇಗೆ ಎಂಬುದನ್ನು ಅಬಕಾರಿ ಕಚೇರಿಯಲ್ಲಿ ಕೇಳಿ, ನನ್ನನ್ನಲ್ಲ. ನನಗೆ ತಿಳಿದಿರುವುದು ಹಣ್ಣು ಮತ್ತು ಹುದುಗು ಮಾತ್ರ.

ಹಣ್ಣು ತೊಳೆದು ಕಿವುಚುವುದು, ಸಕ್ಕರೆ ನೀರು ಸೇರಿಸುವುದು, ಮೊದಲ ನಾಲ್ಕೈದು ದಿನ ಭರಣಿಗೆ ಬಟ್ಟೆ ಕಟ್ಟಿ ಮರದ ಸೌಟಿನಿಂದ ಕೈಯಾಡಿಸುವುದು, ಆಮೇಲೆ ಸೋಸಿ ಕಿರುಬಾಯಿಯ ಪಾತ್ರೆಗೆ ಹಾಕುವುದು ನಿಮಗೆಲ್ಲ ಗೊತ್ತೇ ಇದೆ. ಬೀಜ ಒಡೆಯದಂತೆ ಕಿವುಚಿ, ನೇರಳೆಗೆ ಮೊದಲೇ ಒಗರು ಸಾಕಷ್ಟಿದೆ.

ಗೊತ್ತಿಲ್ಲದ್ದು, ಅಥವಾ ಎಷ್ಟು ಹೇಳಿದರೂ ಕಿವಿಗೆ ಬೀಳದ್ದು, ಇಷ್ಟು. ಯೀಸ್ಟ್ ಸಕ್ಕರೆ ತಿಂದು ಹೆಚ್ಚುಕಡಿಮೆ ಅರ್ಧ ತೂಕವನ್ನು ಮದ್ಯಸಾರವಾಗಿಯೂ ಉಳಿದರ್ಧವನ್ನು ಅನಿಲವಾಗಿಯೂ ಮಾಡುತ್ತದೆ. ಒಂದು ಕಿಲೋ ಸಕ್ಕರೆ ಪೂರ್ತಿ ಹುದುಗಿದರೆ ಹೊರಬರುವ ಇಂಗಾಲದ ಡೈಆಕ್ಸೈಡ್ 250 ಲೀಟರಿಗೂ ಮಿಕ್ಕಿದ್ದು. ಭರಣಿಯ ಬಾಯಿ ತೆರೆದಿರುವವರೆಗೆ ಅದು ತನ್ನ ಪಾಡಿಗೆ ಹೋಗುತ್ತದೆ. ಬಿರಡೆ ಹಾಕಿದ ಮೇಲೆ ಲೀಟರಿಗೆ 10 ಗ್ರಾಂ, ಎಂದರೆ ಬರೀ ಎರಡು ಟೀ ಚಮಚ, ಸಕ್ಕರೆ ಉಳಿದು ಹುದುಗಿದರೂ ಬಾಟಲಿಯೊಳಗಿನ ಒತ್ತಡ ಕಾರಿನ ಚಕ್ರದ ಗಾಳಿಯ ಹತ್ತಿರಕ್ಕೆ ಬರುತ್ತದೆ. ಶಾಂಪೇನ್ ಬಾಟಲಿಯ ಗಾಜು ದಪ್ಪವಾಗಿರುವುದು ಚಂದಕ್ಕಲ್ಲ. ನೀವು ತುಂಬಿಡುವುದು ಜೇನಿನ ಖಾಲಿ ಬಾಟಲಿಗೆ.

"ಆದರೆ ಗುಳ್ಳೆ ನಿಂತಿತ್ತಲ್ಲ ಮೇಷ್ಟ್ರೇ" ಎನ್ನುತ್ತಾರೆ. ನಿಂತಿರುತ್ತದೆ, ನಮ್ಮ ಮಲೆನಾಡಿನಲ್ಲಿ ನಿಲ್ಲಲೇಬೇಕು. ಮೃಗಶಿರ ಮಳೆ ಹಿಡಿಯುವಾಗ ಹಾಕಿದ ಭರಣಿಗೆ 21ನೇ ದಿನ ಬರುವುದು ಆರಿದ್ರೆಯ ನಡುವೆ. ಹೊರಗೆ ಜಡಿಮಳೆ, ಒಳಗೆ ನೆಲವೆಲ್ಲ ತಣ್ಣಗೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಆ ಚಳಿಗೆ ಯೀಸ್ಟ್ ಮುದುಡಿ ಮಲಗುತ್ತದೆ. ಸಕ್ಕರೆ ಮುಗಿದು ನಿಲ್ಲುವುದು ಬೇರೆ, ಥಂಡಿಗೆ ನಿಲ್ಲುವುದು ಬೇರೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ತೀರ್ಥಹಳ್ಳಿ ಕಡೆಯ ಸ್ನೇಹಿತರೊಬ್ಬರು ಹೀಗೆ ಮಲಗಿದ್ದನ್ನು ಹನ್ನೆರಡು ಬಾಟಲಿಗೆ ತುಂಬಿ, ಬಿರಡೆಗೆ ಮೇಣ ಬೇರೆ ಸುರಿದು, ಜೋಪಾನವಾಗಿರಲಿ ಎಂದು ಅಟ್ಟದ ಮೇಲೆ ಇಟ್ಟರು. ಅಟ್ಟದ ಕೆಳಗೆ ಅಡುಗೆಮನೆಯ ಒಲೆ. ಇಡೀ ಮನೆಯಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗವೇ ಇಲ್ಲ. ಶ್ರಾವಣದ ಒಂದು ಬೆಳಗ್ಗೆ ಏಳು ಬಾಟಲಿ ಒಂದರ ಹಿಂದೊಂದು ಸಿಡಿದವು. ಒಳ್ಳೆಯ ರೇಟು ಬರಲಿ ಎಂದು ಇರಿಸಿಕೊಂಡಿದ್ದ ಬೆಟ್ಟೆ ಅಡಿಕೆಯ ಎರಡು ಮೂಟೆ ನೆನೆದು ಹೋಯಿತು. ಅಟ್ಟದಲ್ಲಿ ಆಗ ಯಾರೂ ಇರಲಿಲ್ಲ ಎಂಬುದೇ ದೊಡ್ಡದು, ಗಾಜಿನ ಚೂರು ತೊಲೆಯಲ್ಲಿ ನಾಟಿದ್ದನ್ನು ನಾನೇ ನೋಡಿದ್ದೇನೆ. ಅವರ ದುಃಖವೆಲ್ಲ ಅಡಿಕೆಯದು.

ಹಾಗಾದರೆ ತಿಳಿಯುವುದು ಹೇಗೆ? ದ್ರವದ ಸಾಂದ್ರತೆ ಅಳೆಯುವ ಗಾಜಿನ ಕೊಳವೆ ಹೈಡ್ರೋಮೀಟರ್ ಕೊಳ್ಳಿ, ಭಾರೀ ಬೆಲೆಯದೇನಲ್ಲ. ನಾಲ್ಕೈದು ದಿನದ ಅಂತರದಲ್ಲಿ ಎರಡು ಸಲ ಇಳಿಬಿಟ್ಟಾಗ ಅದೇ ಗೀರು ತೋರಿಸಬೇಕು, ಆ ಗೀರಿನ ಅಂಕಿ ಬರೀ ನೀರಿನ ಅಂಕಿಯಾದ 1.000ಕ್ಕಿಂತ ಕಡಿಮೆ ಇರಬೇಕು. ಎರಡು ಮಾತೂ ಸೇರಿದರೆ ಮಾತ್ರ ಮುಗಿಯಿತೆಂದು ಲೆಕ್ಕ. ಒಬ್ಬರು ಹಾಲಿನ ಡೈರಿಯಿಂದ ಲ್ಯಾಕ್ಟೋಮೀಟರ್ ಎರವಲು ತಂದಿದ್ದರು. ಅದು ಸೀದಾ ತಳ ಕಂಡಿತು. "ನೀರು ಜಾಸ್ತಿಯಾಗಿದೆ" ಎಂದು ಅವರ ಹೆಂಡತಿ ತೀರ್ಪು ಕೊಟ್ಟರು. ಅದನ್ನು ಮಾಡಿರುವುದು ಹಾಲಿಗೆ ಮಾರಾಯರೇ, ಬಿಟ್ಟುಬಿಡಿ.

ಉಪಕರಣವೇ ಬೇಡವೆನ್ನುವವರು ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ತುಂಬಿ, ಗಾಳಿ ಹಿಂಡಿ ತೆಗೆದು, ಮುಚ್ಚಳ ಬಿಗಿದು ಒಂದು ವಾರ ಬಚ್ಚಲೊಲೆಯ ಹತ್ತಿರ ಬೆಚ್ಚಗೆ ಇಡಲಿ. ದಿನಾ ಬೆಳಗ್ಗೆ ಒತ್ತಿ ನೋಡಿ. ಉಬ್ಬಿ ಗಟ್ಟಿಯಾಯಿತೋ, ಭರಣಿಯಲ್ಲಿ ಕೆಲಸ ಇನ್ನೂ ಬಾಕಿ ಇದೆ. ಮೆತ್ತಗೇ ಉಳಿದರೆ ಬಹುಮಟ್ಟಿಗೆ ಮುಗಿದಿದೆ. ಬಹುಮಟ್ಟಿಗೆ ಎಂದೆ, ಆಣೆ ಮಾಡಲಾರೆ. ತುಂಬಿದ ಮೇಲೆ ಒಗರೆನಿಸಿತೆಂದು ಬಾಟಲಿಗೆ ಸಕ್ಕರೆ ಸೇರಿಸುವವರಿಗೆ ಹೇಳಲು ನನ್ನಲ್ಲಿ ಮಾತಿಲ್ಲ. ಕುಡಿಯುವಾಗ ಲೋಟಕ್ಕೆ ಹಾಕಿಕೊಳ್ಳಿ.

ಸಾಗರದ ಕಡೆ ಕ್ರಿಸ್‌ಮಸ್‌ಗೆಂದು ನೇರಳೆ ವೈನ್ ಮಾಡುವ ಅಜ್ಜಿಯೊಬ್ಬರಿದ್ದಾರೆ. ಅವರ ಒಂದು ಬಾಟಲಿಯೂ ಸಿಡಿದದ್ದಿಲ್ಲ. ಜೂನಿನಲ್ಲಿ ಹಾಕಿದ್ದನ್ನು ದೀಪಾವಳಿ ಕಳೆಯುವವರೆಗೆ ಅವರು ಬಾಟಲಿಗೆ ಇಳಿಸುವುದಿಲ್ಲ. ಮಳೆ ಬಿಟ್ಟು ಬಿಸಿಲು ಬಂದಾಗ ಮಲಗಿದ್ದ ಯೀಸ್ಟ್ ಎದ್ದು ಉಳಿದ ಸಕ್ಕರೆಯನ್ನು ಮುಗಿಸುತ್ತದೆ, ಆಮೇಲಷ್ಟೇ ಬಿರಡೆ. ಈ ಮರ್ಮ ಅವರಿಗೆ ಯಾರು ಕಲಿಸಿದರೋ ಎಂಬ ಕುತೂಹಲದಿಂದ, ದೀಪಾವಳಿವರೆಗೆ ಏಕೆ ಕಾಯುತ್ತೀರಿ ಎಂದು ಕೇಳಿದೆ.

"ಮಳೆಗಾಲದಲ್ಲಿ ತೊಳೆದ ಬಾಟಲಿ ಒಣಗುತ್ತದೆಯೇನಪ್ಪಾ?" ಎಂದರು.